ಟೇಕಾಫ್‌ಗೂ ಮುಂಚೆ ಕೂಡಿ ನೋಡದ ಲೆಕ್ಕ

ವಿಮಾನ ಬಿತ್ತು ಅಂದ ತಕ್ಷಣ ನಾವು ಕೇಳೋದು ಒಂದೇ: ಎಂಜಿನ್ ಕೆಟ್ಟಿತ್ತಾ? 1996ರ ಏಪ್ರಿಲ್ 11ರಂದು ಅಮೆರಿಕದ ಶಯಾನ್ ಊರಿನಲ್ಲಿ ಬಿದ್ದ ಪುಟ್ಟ ಸೆಸ್ನಾ 177ಬಿ ವಿಮಾನದ ವಿಷಯದಲ್ಲಿ ಉತ್ತರ ಬೇರೆಯೇ ಇದೆ.

ಅದರಲ್ಲಿ ಮೂವರಿದ್ದರು: ಏಳು ವರ್ಷದ ಜೆಸ್ಸಿಕಾ ಡುಬ್ರಾಫ್, ಅವಳ ಅಪ್ಪ, ಮತ್ತು ಫ್ಲೈಟ್ ಇನ್‌ಸ್ಟ್ರಕ್ಟರ್. ಅಮೆರಿಕವನ್ನು ಒಂದು ಕರಾವಳಿಯಿಂದ ಇನ್ನೊಂದಕ್ಕೆ ದಾಟಿದ ಅತಿ ಚಿಕ್ಕ ಪೈಲಟ್ ಅನ್ನಿಸಿಕೊಳ್ಳಬೇಕು ಅನ್ನೋದು ಪ್ಲಾನ್. ಟಿವಿ, ಪತ್ರಿಕೆಯವರೆಲ್ಲ ಹಿಂದೆ ಬಿದ್ದಿದ್ದರು. ಕಾನೂನಿನ ಪ್ರಕಾರ ನಿಜವಾದ ಪೈಲಟ್ ಇನ್‌ಸ್ಟ್ರಕ್ಟರೇ. ಮೊದಲ ದಿನ ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಿಂದ ಶಯಾನ್‌ಗೆ ಬಂದರು. ಮರುದಿನ ಬೆಳಿಗ್ಗೆ ಮಳೆ, ಬಿರುಗಾಳಿ, ಹತ್ತಿರ ಬರ್ತಿದ್ದ ಗುಡುಗಿನ ಮೋಡ. ಆದರೂ ಹೊರಟರು. ಸ್ವಲ್ಪ ಹೊತ್ತಿನಲ್ಲೇ ವಿಮಾನ ಬಿತ್ತು, ಮೂವರೂ ಉಳಿಯಲಿಲ್ಲ.

ಈಗ ಲೆಕ್ಕ ನೋಡೋಣ. ರೆಕ್ಕೆಯ ಲಿಫ್ಟ್ ಗಾಳಿಯ ಸಾಂದ್ರತೆ ಮತ್ತು ವೇಗದ ವರ್ಗವನ್ನು ಅವಲಂಬಿಸಿರುತ್ತೆ. ಹಾಫ್ ಮೂನ್ ಬೇ ಸಮುದ್ರದ ಪಕ್ಕದಲ್ಲೇ ಇದೆ. ಶಯಾನ್ ಸುಮಾರು 1,880 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲೆ ಗಾಳಿ ಸುಮಾರು ಶೇ. 17ರಷ್ಟು ತೆಳು. ಎಂಜಿನ್‌ಗೆ ಸಿಗುವ ಆಮ್ಲಜನಕ ಕಡಿಮೆ, ಪ್ರೊಪೆಲ್ಲರ್‌ನ ಎಳೆತ ಕಡಿಮೆ, ಅಷ್ಟೇ ಲಿಫ್ಟ್‌ಗೆ ಇನ್ನೂ ಜಾಸ್ತಿ ವೇಗ ಬೇಕು. ಮೇಲಿಂದ ವಿಮಾನ ತನ್ನ ಮಿತಿಗಿಂತ ಸುಮಾರು 44 ಕಿಲೋ ಭಾರವಿತ್ತು. ಶೇ. 4 ತೂಕ ಹೆಚ್ಚಿದರೆ ಸ್ಟಾಲ್ ಆಗುವ ವೇಗ ಹೆಚ್ಚೋದು ಬರೀ ಶೇ. 2. ಏನು ಮಹಾ ಅನ್ನಿಸುತ್ತೆ ಅಲ್ವಾ? ಆದರೆ ತಿರುಗುವಾಗ ವಿಮಾನ ವಾಲಿದರೆ ಆ ವೇಗ ಇನ್ನಷ್ಟು ಏರುತ್ತೆ, ಬೀಸಿ ನಿಲ್ಲುವ ಗಾಳಿ ಇದ್ದ ವೇಗವನ್ನೂ ಕಸಿಯುತ್ತೆ. ಒಂದೊಂದೇ ಆಗಿದ್ದರೆ ನಿಭಾಯಿಸಬಹುದಿತ್ತೇನೋ. ಎಲ್ಲ ಒಟ್ಟಿಗೆ ಬಂದವು. ರೆಕ್ಕೆ ಸ್ಟಾಲ್ ಆಯ್ತು. ಸುಧಾರಿಸಿಕೊಳ್ಳೋಕೆ ಕೆಳಗೆ ಎತ್ತರವೇ ಇರಲಿಲ್ಲ.

ತನಿಖೆ ಮಾಡಿದ ಎನ್‌ಟಿಎಸ್‌ಬಿ, ಹದಗೆಡುತ್ತಿದ್ದ ಹವಾಮಾನದಲ್ಲಿ, ಹೆಚ್ಚು ಭಾರದೊಂದಿಗೆ, ರೂಢಿಯಿಲ್ಲದ ತೆಳು ಗಾಳಿಯಲ್ಲಿ ಟೇಕಾಫ್ ಮಾಡಿದ ಪೈಲಟ್‌ನ ನಿರ್ಧಾರವೇ ತಪ್ಪು ಅಂತ ಹೇಳಿತು. ಜೊತೆಗೆ ಇನ್ನೊಂದು ಕಾರಣವನ್ನೂ ಬರೆಯಿತು: ಅತಿಯಾಸೆಯ ವೇಳಾಪಟ್ಟಿಯನ್ನು ಹೇಗಾದರೂ ಪಾಲಿಸಬೇಕೆಂಬ ಹಟ. ಅದಕ್ಕೆ ಮಾಧ್ಯಮದವರಿಗೆ ಕೊಟ್ಟ ಮಾತೂ ಒಂದು ಕಾರಣ.

44 ಕಿಲೋ ಅಂದರೆ ಸುಮಾರು 60 ಲೀಟರ್ ಇಂಧನ. ಅಷ್ಟು ಕಮ್ಮಿ ತುಂಬಿಸಿ, ಮಧ್ಯೆ ಇನ್ನೊಂದು ಕಡೆ ಇಳಿಯಬಹುದಿತ್ತು. ಮೋಡ ಹೋಗೋವರೆಗೆ ಕಾಯಬಹುದಿತ್ತು. ಎರಡಕ್ಕೂ ಬೇಕಿದ್ದದ್ದು ಟೈಮ್. ಪ್ಲಾನ್‌ನಲ್ಲಿ ಇಲ್ಲದೇ ಇದ್ದದ್ದೂ ಅದೇ.

ಅದೇ ವರ್ಷ ಅಮೆರಿಕ, ಲೈಸೆನ್ಸ್ ಇಲ್ಲದ ಮಕ್ಕಳು ದಾಖಲೆಗಾಗಿ ವಿಮಾನ ಹಾರಿಸೋದನ್ನು ತಡೆಯುವ ಕಾನೂನು ತಂದಿತು. ನಮಗೆ ಉಳಿಯೋ ಪಾಠ ಇನ್ನೂ ಹತ್ತಿರದ್ದು. ಡೆಮೊ ಡೇಟ್ ಫಿಕ್ಸ್ ಆಗಿದೆ ಅಂತ ಟೆಸ್ಟಿಂಗ್ ಬಿಟ್ಟು ಮುಂದೆ ಹೋಗೋರು ನಾವೇ ತಾನೆ? ಸೇಫ್ಟಿ ಮಾರ್ಜಿನ್ ಲೆಕ್ಕ ಹಾಕುವಾಗ ಡೆಡ್‌ಲೈನ್ ಅನ್ನೂ ಒಂದು ಲೋಡ್ ಅಂತ ಸೇರಿಸಿಕೊಳ್ಳೋಣ.