ಬೇಕಲಕ್ಕೊಂದು ಭಾನುವಾರ

ಭಾನುವಾರ ಸಂಜೆ ನಾಲ್ಕರ ಮೇಲೆ ಬೇಕಲ ಕೋಟೆಯ ಬಾಗಿಲಲ್ಲಿ ನಿಂತರೆ ಮಲಯಾಳದ ಜೊತೆಗೆ ತುಳು, ಕನ್ನಡ, ಬ್ಯಾರಿ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಕೆಎಲ್ 14ರ ಕಾರುಗಳ ನಡುವೆ ಕೆಎ 19ರ ಕಾರುಗಳು ನಿಂತಿರುತ್ತವೆ. ಮಂಗಳೂರಿನಿಂದ ಇಲ್ಲಿಗೆ ಸುಮಾರು 65 ಕಿಲೋಮೀಟರು. ಬೆಳಗ್ಗೆ ತಿಂಡಿ ಮುಗಿಸಿ ಹೊರಟವರು ರಾತ್ರಿ ಊಟಕ್ಕೆ ಮನೆ ಸೇರಬಹುದು. ರಜೆಯ ದಿನ ಮಕ್ಕಳು ಹಟ ಹಿಡಿದರೆ ದಕ್ಷಿಣ ಕನ್ನಡದ ಮನೆಗಳಲ್ಲಿ ಮೊದಲು ಬಾಯಿಗೆ ಬರುವ ನಾಲ್ಕೈದು ಹೆಸರುಗಳಲ್ಲಿ ಬೇಕಲವೂ ಒಂದು.

ಪ್ರವಾಸೋದ್ಯಮದವರ ಕರಪತ್ರ ಓದಿದರೆ ಇದೆಲ್ಲ ಮೂವತ್ತು ವರ್ಷದ ಈಚಿನ ಬೆಳೆ ಅನ್ನಿಸೀತು. ನನಗೆ ಹಾಗನ್ನಿಸುವುದಿಲ್ಲ. ಮಂಗಳೂರಿನಿಂದ ತೆಂಕಣಕ್ಕೆ ಮನೆಮಂದಿಯೆಲ್ಲ ಒಂದು ದಿನದ ಮಟ್ಟಿಗೆ ಹೊರಡುವ ರೂಢಿ ಕಾರು, ಸಿನಿಮಾ, ರೆಸಾರ್ಟುಗಳಿಗಿಂತ ಹಳೆಯದು. ಬದಲಾದದ್ದು ಹೋಗಿ ಮುಟ್ಟುವ ಜಾಗ, ಮತ್ತು ಹೋಗಲು ಕೊಡುವ ಕಾರಣ.

ಒಂದು ಮಾತು ಮೊದಲೇ ಹೇಳಬೇಕು. ಕರಾವಳಿಯ ಹಳಬರು ಸಮುದ್ರ ನೋಡಲೆಂದು ಹೋಗುತ್ತಿರಲಿಲ್ಲ. ಮೊಗವೀರರಿಗೆ ಅದು ದುಡಿಮೆಯ ಜಾಗ. ಉಳಿದವರಿಗೆ ಮೀನು ಬರುವ ದಿಕ್ಕು, ಅಸ್ಥಿ ಬಿಡುವ ನೀರು. ಮಕ್ಕಳು ಸುಮ್ಮನೆ ಅಲೆಗೆ ಕಾಲೊಡ್ಡಿದರೆ ಬೈಗುಳವೇ ಗತಿ. ರಾಜಾರೋಷವಾಗಿ ನೀರಿಗಿಳಿಯಲು ಒಂದು ನೆಪ ಬೇಕಿತ್ತು, ಅದು ತೀರ್ಥಸ್ನಾನ. ಎಳ್ಳಮಾವಾಸ್ಯೆಗೆ ಉಳ್ಳಾಲದಾಚೆಯ ಸೋಮೇಶ್ವರಕ್ಕೆ ಜನ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ಅಲ್ಲಿಂದ ತುಸು ತೆಂಕಕ್ಕೆ, ತಲಪಾಡಿ ದಾಟಿದ ಕೂಡಲೇ ಸಿಗುವ ಕಣ್ವತೀರ್ಥದಲ್ಲಿ ಮಧ್ವಾಚಾರ್ಯರು ತಮ್ಮ ಎಂಟು ಯತಿಗಳನ್ನು ಜೋಡಿ ಮಾಡಿ ದ್ವಂದ್ವ ಮಠಗಳ ಕ್ರಮ ಹಾಕಿಕೊಟ್ಟರೆಂದು ಪ್ರತೀತಿ. ಮಿಂದು, ದೇವರಿಗೆ ಕೈಮುಗಿದು, ಒದ್ದೆ ಬಟ್ಟೆ ಹರವಿ, ಗಾಳಿಮರದ ನೆರಳಲ್ಲಿ ಬುತ್ತಿ ಬಿಚ್ಚಿದರೆ ಆ ದಿನ ಸಾರ್ಥಕ. ಪುಣ್ಯದ ಲೆಕ್ಕ ಹಿರಿಯರಿಗೆ, ಮರಳಿನ ಲೆಕ್ಕ ಮಕ್ಕಳಿಗೆ.

ಎರಡನೆಯ ನೆಪ ಹರಕೆ. ಕಾಸರಗೋಡಿನ ಬಳಿ ಮಧುವಾಹಿನಿ ಹೊಳೆಯ ದಡದಲ್ಲಿರುವ ಮಧೂರಿನ ಮುಖ್ಯ ದೇವರು ಮದನಂತೇಶ್ವರ, ಅಂದರೆ ಶಿವ. ಆದರೆ ಜನ ಹೋಗುವುದು ಗಣಪತಿಗೆ, ಮತ್ತು ಪ್ರಸಾದವಾಗಿ ಸಿಗುವ ಅಪ್ಪಕ್ಕೆ. ಮನೆಗೆ ಬರುವ ಹೊತ್ತಿಗೆ ಬಾಳೆಲೆಯ ಪೊಟ್ಟಣದಲ್ಲಿ ಎಷ್ಟು ಅಪ್ಪ ಉಳಿದಿದೆ ಎಂಬುದು ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರು ಎಂಬುದರ ಮೇಲೆ. ಕೊಂಕಣಿ ಮನೆಗಳಿಗೆ ಮಂಜೇಶ್ವರದ ಅನಂತೇಶ್ವರನ ಷಷ್ಠಿ. ಮುಸ್ಲಿಮರಿಗೆ ತಳಂಗರೆಯ ಮಾಲಿಕ್ ದೀನಾರ್ ಮಸೀದಿ. ಕ್ರೈಸ್ತರಿಗೆ ಕುಂಬಳೆಯ ಒಳಗಿನ ಬೇಳದ ಇಗರ್ಜಿ; ಅದು ಕೇರಳದಲ್ಲಿದ್ದರೂ ಇವತ್ತಿಗೂ ಮಂಗಳೂರು ಧರ್ಮಪ್ರಾಂತಕ್ಕೇ ಸೇರಿದ್ದು. ಜಾತಿ, ಮತ ಯಾವುದೇ ಇರಲಿ, ತೆಂಕು ದಿಕ್ಕಿಗೆ ಹೋಗಲು ಒಬ್ಬೊಬ್ಬರಿಗೂ ಒಂದೊಂದು ಬಾಗಿಲು ತೆರೆದಿತ್ತು. ಅದರ ಮೇಲೆ ನೆಂಟಸ್ತಿಕೆ. ಕುಂಬಳೆ, ಉಪ್ಪಳ, ನೀರ್ಚಾಲು, ಬದಿಯಡ್ಕದ ಕಡೆಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ಇಲ್ಲಿ ಲೆಕ್ಕವಿಲ್ಲದಷ್ಟು. ಹರಕೆ ತೀರಿಸಿ ಚಿಕ್ಕಮ್ಮನ ಮನೆಗೆ ಹೋಗಿ ಊಟ ಮಾಡಿ ಬಂದರೆ ಅದೇ ಪ್ರವಾಸ.

ರೈಲು ಬಂದದ್ದು 1907ರಲ್ಲಿ. ಮದರಾಸಿನಿಂದ ಮಲಬಾರಿನ ಮೂಲಕ ಹಳಿ ಮಂಗಳೂರಿಗೆ ಮುಟ್ಟಿತು. ಬೆಂಗಳೂರಿಗೆ ಹೋಗಲು ಘಾಟಿ ಹತ್ತಿ ಒದ್ದಾಡಬೇಕಿದ್ದ ಕಾಲದಲ್ಲಿ ಕಾಸರಗೋಡಿಗೆ ಟಿಕೆಟು ತೆಗೆದು ಕೂತರಾಯಿತು. ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಂದು ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರು ಗಾಡಿಯಲ್ಲಿ ಪ್ರಯಾಣವೇ ಅರ್ಧ ವಿನೋದ. ನೇತ್ರಾವತಿಯಿಂದ ತೊಡಗಿ ಚಂದ್ರಗಿರಿಯವರೆಗೆ ಒಂದರ ಮೇಲೊಂದು ಹೊಳೆ, ಸೇತುವೆ. ಚಂದ್ರಗಿರಿ ದಾಟಿದ ಮೇಲೆ ಕಳನಾಡಿನ ಸುರಂಗ. ಸುರಂಗ ಬರುವ ಮೊದಲೇ ಮಕ್ಕಳು ಕಿಟಕಿಗೆ ಜೋತುಬಿದ್ದು ಕೂಗಲು ಅಣಿಯಾಗುವ ಕ್ರಮ ಆಗಲೂ ಇದ್ದಿರಬೇಕು, ಈಗಲೂ ಇದೆ. ಮುಂದೆ ಪಳ್ಳಿಕ್ಕೆರೆ ಎಂಬ ಪುಟ್ಟ ಸ್ಟೇಷನ್ನು. ಅದರ ಹೆಸರನ್ನು ಆಮೇಲೆ ಬೇಕಲ ಫೋರ್ಟ್ ಎಂದು ಬದಲಿಸಿದ್ದಾರೆ.

ಇಷ್ಟು ಹೊತ್ತೂ ಗಡಿಯ ಮಾತು ಬರಲಿಲ್ಲ, ಯಾಕೆಂದರೆ ಗಡಿ ಇರಲಿಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಇಡೀ ಜಿಲ್ಲೆ ಮದರಾಸು ಪ್ರಾಂತ್ಯದ್ದು. 1956ರ ನವೆಂಬರ್ 1ರಂದು ಆ ತಾಲೂಕು ಕೇರಳಕ್ಕೆ ಹೋಯಿತು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಮಂಜೇಶ್ವರದಲ್ಲಿ ಮನೆ ಮಾಡಿಕೊಂಡಿದ್ದ ರಾಷ್ಟ್ರಕವಿ ಗೋವಿಂದ ಪೈಗಳು ಕೂತಲ್ಲೇ ಕೇರಳದವರಾದರು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಅದು ಕಡತದಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಕಡೆಯವರೆಗೂ ಈ ನೋವನ್ನು ಹೇಳುತ್ತಲೇ ಇದ್ದರು. ರಾಜಕೀಯದ ಆ ಕಥೆ ದೊಡ್ಡದು, ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ದಾರಿ ಅದೇ, ದೇವರು ಅದೇ, ಚಿಕ್ಕಮ್ಮ ಅವಳೇ, ಆದರೆ ಅಲ್ಲಿಗೆ ಹೋಗಿಬಂದವರು "ಕೇರಳಕ್ಕೆ ಹೋಗಿದ್ದೆವು" ಎನ್ನತೊಡಗಿದರು. ಪಕ್ಕದ ತಾಲೂಕು ಪರರಾಜ್ಯವಾದ್ದರಿಂದ ಅದಕ್ಕೆ ನೋಡುವ ಜಾಗವೆಂಬ ಮರ್ಯಾದೆ ಬಂತು. ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದೇ ದಿನದಲ್ಲಿ "ಹೊರರಾಜ್ಯ ಪ್ರವಾಸ" ಮುಗಿಸುವ ಭಾಗ್ಯ ಎಲ್ಲ ಊರಿನ ಮೇಷ್ಟ್ರುಗಳಿಗೆ ಇರುವುದಿಲ್ಲ.

ಆ ಶಾಲಾ ಪ್ರವಾಸಗಳ ಪಟ್ಟಿಯಲ್ಲಿ ಬೇಕಲ ಸೇರಿದ್ದಕ್ಕೆ ಪಾಠಪುಸ್ತಕವೂ ಕಾರಣ. 1650ರ ಆಸುಪಾಸಿನಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ ಇದು. ಸುಮಾರು 40 ಎಕರೆಯ ಹರವು, ಮುರಕಲ್ಲಿನ ಗೋಡೆ, ಮೂರು ಕಡೆಯೂ ಕಡಲು. ಒಳಗೆ ಅರಮನೆಯಿಲ್ಲ, ಅಂತಃಪುರವಿಲ್ಲ. ಕಾವಲಿಗೆಂದೇ ಕಟ್ಟಿದ್ದು. ಬಾಗಿಲಲ್ಲಿ ಆಂಜನೇಯನ ಗುಡಿ, ಒಳಗೆ ಮೆಟ್ಟಿಲಿಳಿಯುವ ಕೊಳ, ನಡುವೆ ಏರುದಾರಿಯ ವೀಕ್ಷಣಾ ಗೋಪುರ. ನಾಯಕರ ಕೈಯಿಂದ ಹೈದರಾಲಿಗೆ, ಟಿಪ್ಪುವಿನ ನಂತರ 1799ರಲ್ಲಿ ಕುಂಪನಿಗೆ ಹೋಯಿತು. ಕೋಟೆ ಕಾಯಲು ಬಂದ ರಾಮಕ್ಷತ್ರಿಯ ಮನೆತನಗಳು ಬೇಕಲ, ಹೊಸದುರ್ಗದ ಸುತ್ತ ನೆಲೆ ನಿಂತವು. ಅವರ ಮನೆಗಳಲ್ಲಿ ಕನ್ನಡವೂ ನಿಂತಿತು. ಆ ಊರಿನವರೇ ಆದ ಬೇಕಲ ರಾಮನಾಯಕರು ಈ ಸೀಮೆಯ ಹಳೆಯ ಕಥೆಗಳನ್ನು ಕನ್ನಡದಲ್ಲಿ ಬರೆದರು. ಮಂಗಳೂರಿನಿಂದ ಹೋದವರು ಅಲ್ಲಿ ಪರದೇಶಿಗಳಂತೆ ನಿಲ್ಲದಿರಲು ಇದೆಲ್ಲ ಇದೆ. ಕೋಟೆಯ ಮುಂದಿನ ಸರ್ಬತ್ತಿನ ಅಂಗಡಿಯವನು ನಿಮ್ಮ ಮುಖ ನೋಡಿಯೇ ತುಳುವಿಗೆ ಇಳಿದರೆ ಆಶ್ಚರ್ಯಪಡಬೇಕಿಲ್ಲ.

ಆದರೂ ಮನೆಮಂದಿ ಕೋಟೆಗೆ ನುಗ್ಗಿದ್ದು ಶಿವಪ್ಪನಾಯಕನ ಮೇಲಿನ ಭಕ್ತಿಯಿಂದಲ್ಲ. 1995ರಲ್ಲಿ ಮಣಿರತ್ನಂ ಅವರ 'ಬಾಂಬೆ' ಬಂತು. ಅರವಿಂದ ಸ್ವಾಮಿ, ಮನೀಷಾ ಕೊಯಿರಾಲಾ ಕಾಣಿಸುವ ಆ ಮಳೆಗಾಲದ ಹಾಡಿನ ಕಪ್ಪುಮೋಡ, ಪಾಚಿಗಟ್ಟಿದ ಗೋಡೆ, ಕೆಳಗೆ ಅಪ್ಪಳಿಸುವ ಅಲೆ ಎಲ್ಲ ಬೇಕಲದ್ದೇ. ಕೇಂದ್ರ ಸರ್ಕಾರ 1992ರಲ್ಲೇ ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಸಾರಿತ್ತು. ಅದರ ಅಭಿವೃದ್ಧಿಗೆಂದು ಕೇರಳ ನಿಗಮವೊಂದನ್ನು ಕಟ್ಟಿದ್ದೂ 1995ರಲ್ಲೇ. ನಿಗಮದ ದೆಸೆಯಿಂದ ದೊಡ್ಡ ರೆಸಾರ್ಟುಗಳು ಬಂದವು, ದೂರದ ಶ್ರೀಮಂತರು ಬಂದರು. ನಮ್ಮಂಥ ಬುತ್ತಿಯವರನ್ನು ಕರೆದುತಂದದ್ದು ಮಾತ್ರ ಆ ಹಾಡೇ ಎಂದು ನನ್ನ ನಂಬಿಕೆ. ಮೊದಲು ಮಧೂರಿಗೆ ಹೋದವರು ಸಮಯ ಉಳಿದರೆ ಬೇಕಲ ನೋಡುತ್ತಿದ್ದರು. ಬರಬರುತ್ತ ಬೇಕಲಕ್ಕೆ ಹೋದವರು ಸಮಯ ಉಳಿದರೆ ಮಧೂರಿಗೆ ಹೋಗುವಂತಾಯಿತು.

ನಡುವೆ ಇನ್ನೊಂದು ಆಕರ್ಷಣೆ ಬಹುಕಾಲ ಗಟ್ಟಿಯಾಗಿ ನಿಂತಿತ್ತು. ಕುಂಬಳೆಯ ಬಳಿಯ ಅನಂತಪುರದಲ್ಲಿ ಕೆರೆಯ ನಡುವೆ ದೇವಸ್ಥಾನ, ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ. ನೈವೇದ್ಯದ ಅನ್ನ ತಿನ್ನುತ್ತದೆ, ಯಾರಿಗೂ ತೊಂದರೆ ಮಾಡುವುದಿಲ್ಲ ಎಂದು ಖ್ಯಾತಿ. ಎಷ್ಟು ಮನೆಯವರು ಎಷ್ಟು ಮಧ್ಯಾಹ್ನ ಆ ಕಟ್ಟೆಯ ಮೇಲೆ ಬಗ್ಗಿ "ಅಗೋ ಮೂಗು, ಅಲ್ಲ, ಅದು ತೆಂಗಿನ ಗರಿ" ಎಂದು ವಾದ ಮಾಡಿಲ್ಲ! 2022ರ ಅಕ್ಟೋಬರ್ 9ರಂದು ಬಬಿಯಾ ತೀರಿಕೊಂಡಾಗ ಗಡಿಯ ಎರಡೂ ಬದಿಯ ಪತ್ರಿಕೆಗಳು ಅದನ್ನು ಹಿರಿಯರೊಬ್ಬರ ನಿಧನದಂತೆ ಬರೆದವು. ಮರುವರ್ಷ ಕೆರೆಯಲ್ಲಿ ಬೇರೊಂದು ಮೊಸಳೆ ಕಾಣಿಸಿಕೊಂಡಿತು. ವಾದ ಮುಂದುವರಿದಿದೆ.

ಗಡಿಯ ಗೆರೆ ಗೋಡೆಯಾಗಬಲ್ಲದು ಎಂದು ಗೊತ್ತಾದದ್ದು 2020ರ ಮಾರ್ಚಿನಲ್ಲಿ. ಕೊರೊನಾ ಭಯದಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು, ಕೆಲವರು ಜೀವ ಕಳೆದುಕೊಂಡರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ವಿಷಯ ಓಡಾಡಿತು. ಆ ಹೊತ್ತಿನಲ್ಲಿ ಭಾನುವಾರದ ತಿರುಗಾಟದ ಮಾತೆತ್ತುವುದೇ ನಾಚಿಕೆಗೇಡು. ಆದರೆ ಗೇಟು ತೆಗೆದ ಮೇಲೆ ಮೊದಲು ಜನ ಓಡಿದ್ದು ಎಲ್ಲಿಗೆ ಎಂದು ವಿಚಾರಿಸಿದರೆ ಉತ್ತರ ನೆಂಟರ ಮನೆಗೆ ಎಂದೇ.

ಈಗ ತಲಪಾಡಿಯಿಂದ ಆರು ಪಥದ ಹೆದ್ದಾರಿ. ಕಾಸರಗೋಡು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುತ್ತದೆ, ನಡುವಿನ ಊರುಗಳು ಹೋಗುತ್ತವೆ. ಎತ್ತರದ ರಸ್ತೆಯ ಮೇಲೆ ಹಾರಿಹೋಗುವ ಕಾರಿಗೆ ಉಪ್ಪಳ ಪೇಟೆಯಿಲ್ಲ, ಕುಂಬಳೆಯ ಚಾ ಇಲ್ಲ. ಸರ್ವಿಸ್ ರಸ್ತೆಗೆ ಇಳಿಯುವ ತಿರುವು ತಪ್ಪಿದರೆ ಮುಂದಿನ ತಿರುವಿನವರೆಗೆ ಮಾತಿಲ್ಲ. ಸಮಯ ಉಳಿಯಿತು ನಿಜ. ಉಳಿದ ಸಮಯವನ್ನು ನಾವು ಬೇಕಲದ ಪಾರ್ಕಿಂಗಿನಲ್ಲಿ ಜಾಗ ಹುಡುಕುತ್ತ ಕಳೆಯುತ್ತೇವೆ. ನನ್ನ ಮಟ್ಟಿಗೆ ಈ ದಾರಿಗೆ ಇಂದಿಗೂ ಪ್ಯಾಸೆಂಜರು ರೈಲೇ ಸರಿ, ಇಲ್ಲವಾದರೆ ಎರಡೂ ರಾಜ್ಯಗಳ ಸರ್ಕಾರಿ ಬಸ್ಸು. ಕೆಎಸ್‌ಆರ್‌ಟಿಸಿ ಎಂಬ ಹೆಸರಿಗಾಗಿ ಎರಡೂ ಸಾರಿಗೆ ನಿಗಮಗಳು ಕೋರ್ಟು ಹತ್ತಿದ್ದವು. ಮಂಗಳೂರು–ಕಾಸರಗೋಡು ಮಾರ್ಗದಲ್ಲಿ ಮಾತ್ರ ಒಂದರ ಹಿಂದೆ ಒಂದು ಓಡಿಕೊಂಡಿವೆ.

ಇನ್ನು, ನಾವು ಅತ್ತ ಹೋಗುವ ಅದೇ ಭಾನುವಾರ ಅತ್ತಲಿನವರು ಇತ್ತ ಬರುತ್ತಾರೆ. ಮಂಗಳೂರಿನ ಮಾಲುಗಳಿಗೆ, ಪಿಲಿಕುಳದ ಹುಲಿ ನೋಡಲು, ಪಣಂಬೂರಿನ ಕಡಲಿಗೆ, ಗಡ್‌ಬಡ್ ಐಸ್‌ಕ್ರೀಮಿಗೆ. ಹಬ್ಬದ ಮರುದಿನ ಸೋಮೇಶ್ವರದ ಮರಳಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಜೆ ಮನೆಗೆ ಹೊರಟ ಆ ಕಾರುಗಳೆಲ್ಲ ತಲಪಾಡಿಯ ಈಚೆ ಸಾಲುಗಟ್ಟಿ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ, ಕೇರಳಕ್ಕಿಂತ ಇಲ್ಲಿ ಪೆಟ್ರೋಲು ಅಗ್ಗ. ಬೇಕಲದಿಂದ ಮರಳುವ ನಮ್ಮವರು ಅದೇ ಬಂಕಿನ ಮುಂದೆ, ಅದೇ ಸಾಲಿಗೆ ಸಿಕ್ಕಿಬಿದ್ದು ಹಾರ್ನು ಒತ್ತುತ್ತಿರುತ್ತಾರೆ.