ಕೋಡಂಬಾಕ್ಕಂ: ಆಚೆಗೆ ಮೂರು ಸ್ಟೇಷನ್, ಈಚೆಗೆ ಮೂರು

ಮಕ್ಕಳನ್ನು ಕರೆದುಕೊಂಡು ಚೆನ್ನೈಗೆ ಹೊರಟಿದ್ದೇವೆ ಎಂದರೆ ಸಾಕು, ನೆಂಟರಿಷ್ಟರೆಲ್ಲ ಒಂದೊಂದು ಪಟ್ಟಿ ಹಿಡಿಸುತ್ತಾರೆ. ಮರೀನಾ, ಮೈಲಾಪುರದ ಕಪಾಲೀಶ್ವರ, ಮಹಾಬಲಿಪುರ, ಟಿ. ನಗರದ ರೇಷ್ಮೆ ಸೀರೆ, ಪುರುಸೊತ್ತಾದರೆ ಕಾಂಚೀಪುರ. ಏಳು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಶನಿವಾರ–ಭಾನುವಾರದಲ್ಲಿ ಇಷ್ಟನ್ನೂ ಮುಗಿಸಹೊರಟವರು ಸೋಮವಾರ ಆಫೀಸಿಗೆ ರಜೆ ಹಾಕುವುದು ಖಂಡಿತ. ಆ ವಯಸ್ಸಿಗೆ ಊರಿಗಿಂತ ರೈಲೇ ದೊಡ್ಡದು. ಇದನ್ನು ಒಪ್ಪಿಕೊಂಡುಬಿಟ್ಟರೆ ಚೆನ್ನೈ ಸಲೀಸು. ಒಂದೇ ಲೋಕಲ್ ಮಾರ್ಗವನ್ನು ಹಿಡಿದು ಎರಡು ದಿನ ಕಳೆಯಬಹುದು. ಆ ಮಾರ್ಗದಲ್ಲಿ ಬಿಡಾರ ಹೂಡಲು ನನ್ನ ಓಟು ಕೋಡಂಬಾಕ್ಕಂಗೆ.

ಬೆಂಗಳೂರಿನಿಂದ ಚೆನ್ನೈ ಸೆಂಟ್ರಲ್ ಸುಮಾರು 360 ಕಿಲೋಮೀಟರ್. ಹಗಲು ರೈಲುಗಳಿಗೆ ಬರವಿಲ್ಲ. 1964ರ ಬೃಂದಾವನ, 1992ರ ಲಾಲ್‌ಬಾಗ್, 2013ರ ಡಬಲ್ ಡೆಕರ್, ಶತಾಬ್ದಿ, ಸಾಲದ್ದಕ್ಕೆ 2022ರ ನವೆಂಬರಿನಲ್ಲಿ ಮೈಸೂರಿನಿಂದ ಶುರುವಾದ ವಂದೇ ಭಾರತ್. ಬೇಗ ತಲುಪಬೇಕಾದವರು ವಂದೇ ಭಾರತ್ ಹತ್ತಲಿ. ಮಕ್ಕಳಿದ್ದವರಿಗೆ ಲಾಲ್‌ಬಾಗ್ ವಾಸಿ: ಮುಂಜಾನೆ ಹೊರಟರೆ ಊಟದ ಹೊತ್ತಿಗೆ ಸೆಂಟ್ರಲ್. ದಾರಿಯಲ್ಲಿ ನೋಡುವುದಕ್ಕೂ ಇದೆ. ಬಂಗಾರಪೇಟೆಯಲ್ಲಿ ಕೆಜಿಎಫ್ ಕಡೆಗೆ ಕವಲೊಡೆಯುವ ಹಳಿ, ಜೋಲಾರ್‌ಪೇಟೆಯಲ್ಲಿ ಯಲಗಿರಿ ಬೆಟ್ಟ, ಆಮೇಲೆ ನೀರಿಗಿಂತ ಮರಳೇ ಹೆಚ್ಚಾಗಿರುವ ಪಾಲಾರ್ ನದಿ. ಎದುರಿಗೆ ಗೂಡ್ಸ್ ಬಂದರೆ ಡಬ್ಬಿ ಎಣಿಸುವ ಪಂದ್ಯ. ಐವತ್ತೆಂಟೋ ಐವತ್ತೊಂಬತ್ತೋ ಎಂಬ ಜಗಳ ಕಾಟ್ಪಾಡಿವರೆಗೂ ನಡೆಯುತ್ತದೆ. ಚಿತ್ರಾನ್ನ, ಮೊಸರನ್ನದ ಬುತ್ತಿ ಮನೆಯಿಂದಲೇ ಇರಲಿ. ವಡೆ, ಕಾಪಿ ಬೋಗಿಯೊಳಗೇ ಬರುತ್ತವೆ.

ಈ ದಾರಿಗೆ ವಯಸ್ಸಾಗಿದೆ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ರಾಯಪುರಂನಿಂದ ವಾಲಾಜಾ ರೋಡ್‌ವರೆಗೆ ಓಡಿತು. 1864ರಲ್ಲಿ ಹಳಿ ಬೆಂಗಳೂರಿನ ದಂಡು ಮುಟ್ಟಿತು. ಸೆಂಟ್ರಲ್ ಹತ್ತಿರವಾದಂತೆ ಬರುವ ಪೆರಂಬೂರಿನಲ್ಲಿ 1955ರಿಂದ ರೈಲುಬೋಗಿ ಕಾರ್ಖಾನೆ ಇದೆ. ಮೊದಲ ವಂದೇ ಭಾರತ್ ತಯಾರಾದದ್ದು ಅಲ್ಲೇ. ‘ರೈಲು ಎಲ್ಲಿ ಹುಟ್ಟುತ್ತೆ?’ ಎಂದು ಕೇಳುವ ಮಕ್ಕಳಿಗೆ ಕಿಟಕಿಯಿಂದಲೇ ಕೈ ತೋರಿಸಿ ಉತ್ತರ ಹೇಳಬಹುದು.

ಸೆಂಟ್ರಲ್‌ನಲ್ಲಿ ಇಳಿದ ಮೇಲೆ ಪೆಟ್ಟಿಗೆ ಹೊತ್ತು ಲೋಕಲ್ ಹತ್ತುವ ಸಾಹಸ ಬೇಡ. ಮೆಟ್ರೊ ಹಿಡಿದರೆ ಬದಲಿಸದೆ ವಡಪಳನಿ ತಲುಪಬಹುದು, ಅಲ್ಲಿಂದ ಆಟೊ. ಸಾಮಾನು ಕೋಣೆಯಲ್ಲಿಟ್ಟು ಬರಿಗೈಯಲ್ಲಿ ಹೊರಟಾಗಲೇ ಲೋಕಲ್‌ನ ಸುಖ. ಬೀಚ್–ತಾಂಬರಂ ನಡುವಿನ ಈ ಮಾರ್ಗದಲ್ಲಿ ವಿದ್ಯುತ್ ರೈಲು ಓಡತೊಡಗಿದ್ದು 1931ರಲ್ಲಿ. ಆಗ ಮೀಟರ್ ಗೇಜ್. ಈಗ ಬ್ರಾಡ್ ಗೇಜ್, 2025ರ ಏಪ್ರಿಲ್‌ನಿಂದ ಎ.ಸಿ. ಲೋಕಲ್ ಕೂಡ. ಕೋಡಂಬಾಕ್ಕಂನಿಂದ ಉತ್ತರಕ್ಕೆ ನುಂಗಂಬಾಕ್ಕಂ, ಚೆಟ್‌ಪೆಟ್, ಎಗ್ಮೋರ್. ದಕ್ಷಿಣಕ್ಕೆ ಮಾಂಬಲಂ, ಸೈದಾಪೇಟೆ, ಗಿಂಡಿ. ಎರಡು ಕಡೆಗೂ ಮೂರನೇ ಸ್ಟೇಷನ್ನಿನಲ್ಲಿ ಮಕ್ಕಳಿಗೆ ಬೇಕಾದ್ದಿದೆ. ಕೂತವರು ನಿದ್ದೆ ಹೋಗುವಷ್ಟು ದೂರವೂ ಅಲ್ಲ.

ಗಿಂಡಿಯಲ್ಲಿ ಮಕ್ಕಳ ಉದ್ಯಾನ, ಅದರ ಪಕ್ಕದಲ್ಲೇ ರೋಮುಲಸ್ ವಿಟೇಕರ್ ಕಟ್ಟಿದ ಹಾವಿನ ಉದ್ಯಾನ. ಸ್ಟೇಷನ್ನಿನಿಂದ ಆಟೊ ಬೇಕು. ಹಿಂದೆಯೇ ಗಿಂಡಿ ರಾಷ್ಟ್ರೀಯ ಉದ್ಯಾನ, ಮೂರು ಚದರ ಕಿಲೋಮೀಟರೂ ಇಲ್ಲದ, ಊರ ನಡುವಿನ ಕಾಡು. ಕೃಷ್ಣಮೃಗಗಳು ಅಲ್ಲಿ ಇನ್ನೂ ಇವೆ. ಎಗ್ಮೋರ್‌ನಲ್ಲಿ 1851ರ ಸರ್ಕಾರಿ ವಸ್ತುಸಂಗ್ರಹಾಲಯ. ದೊಡ್ಡವರು ಚೋಳರ ಕಂಚಿನ ನಟರಾಜನ ಮುಂದೆ ನಿಂತರೆ ಹೊತ್ತು ಹೋಗುವುದೇ ತಿಳಿಯದು. ಮಕ್ಕಳು ಅಷ್ಟು ಹೊತ್ತು ನಿಲ್ಲುವುದಿಲ್ಲ. ಅದೇ ಆವರಣದ ಮಕ್ಕಳ ವಿಭಾಗದ ಹೊರಗಿರುವ ಡೈನೋಸಾರ್‌ನ ಕಾಲಬುಡಕ್ಕೆ ಓಡುತ್ತಾರೆ. ಗಂಡ–ಹೆಂಡಿರು ಸರದಿ ಮಾಡಿಕೊಳ್ಳುವುದು ಒಳ್ಳೆಯದು. ಗಿಂಡಿಯ ಎರಡು ಉದ್ಯಾನಗಳಿಗೂ ಮಂಗಳವಾರ ರಜೆ, ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ. ಒಂದು ದಿನಕ್ಕೆ ಒಂದೇ ಜಾಗ ಸಾಕು. ಮಧ್ಯಾಹ್ನ ಕೋಣೆಗೆ ಮರಳಿ ಮಕ್ಕಳು ಮಲಗಲಿ.

ಇನ್ನು ಕೋಡಂಬಾಕ್ಕಂ. ಅಜ್ಜಿ–ತಾತ ಜೊತೆಗಿದ್ದರೆ ಇಲ್ಲಿ ಅವರೇ ಗೈಡ್. ಕನ್ನಡ ಸಿನಿಮಾ ದಶಕಗಳ ಕಾಲ ಸಂಸಾರ ಹೂಡಿದ್ದು ಇಲ್ಲೇ ಆಸುಪಾಸಿನಲ್ಲಿ. ನಾಯಕ–ನಾಯಕಿ, ಪೋಷಕ ನಟರು, ಹಾಡುವವರು, ಸಂಭಾಷಣೆ ಬರೆಯುವವರು ಎಲ್ಲರೂ ಮದ್ರಾಸಿನಲ್ಲಿದ್ದ ಕಾಲವದು. ಶಿವರಾಜ್‌ಕುಮಾರ್ (1962), ರಾಘವೇಂದ್ರ ರಾಜ್‌ಕುಮಾರ್ (1965), ಪುನೀತ್ (1975) ಮೂವರೂ ಹುಟ್ಟಿದ್ದು ಈ ಊರಿನಲ್ಲೇ. 1965ರ ‘ಸತ್ಯ ಹರಿಶ್ಚಂದ್ರ’ ಇಲ್ಲಿನ ವಿಜಯಾ ಸಂಸ್ಥೆಯದು. ಅದೇ ಸಂಸ್ಥೆ ತೆಲುಗಿನಲ್ಲೂ ಆ ಕಥೆಯನ್ನು ತೆಗೆಯಿತು. ಅವರ ವಿಜಯ ವಾಹಿನಿ ಸ್ಟುಡಿಯೋ ಇದ್ದ ಆರ್ಕಾಟ್ ರಸ್ತೆಯ ಜಾಗದಲ್ಲಿ ಈಗ ಆಸ್ಪತ್ರೆಯೂ ಮಾಲೂ ಎದ್ದಿವೆ. ಬೆಂಗಳೂರಿನಲ್ಲಿ ಕಂಠೀರವದಂಥ ಸ್ಟುಡಿಯೋಗಳಾಗಿ, ಸರ್ಕಾರದ ನೆರವೂ ಸಿಕ್ಕ ಮೇಲೆ ನಮ್ಮವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು.

ಶೂಟಿಂಗ್ ತೋರಿಸುತ್ತೇವೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಸ್ಟುಡಿಯೋಗಳ ಗೇಟು ದಾರಿಹೋಕರಿಗೆ ತೆರೆಯುವುದಿಲ್ಲ. ವಡಪಳನಿಯ ಎವಿಎಂ ಸ್ಟುಡಿಯೋದ ಭೂಗೋಳವನ್ನು ಹೊರಗಿನಿಂದ ನೋಡಬಹುದು. ಅದೇ ಆವರಣದಲ್ಲಿ 2023ರ ಮೇ ತಿಂಗಳಲ್ಲಿ ಹಳೆಯ ಕಾರು, ಕ್ಯಾಮೆರಾಗಳ ವಸ್ತುಸಂಗ್ರಹಾಲಯ ಶುರುವಾಗಿದೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಕಾರಿನ ಹುಚ್ಚಿರುವ ಮಗುವಿಗೆ ಸಿನಿಮಾ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಸಿನಿಮಾಕ್ಕಿಂತ ನನಗೆ ಹತ್ತಿರವಾದ ಸಂಗತಿ ಮತ್ತೊಂದು. ‘ಚಂದಮಾಮ ಬಿಲ್ಡಿಂಗ್ಸ್, ವಡಪಳನಿ, ಮದ್ರಾಸ್’ ಎಂಬ ವಿಳಾಸ ನಮ್ಮಲ್ಲಿ ಎಷ್ಟು ಜನರಿಗೆ ಬಾಯಿಪಾಠ! ವಿಜಯಾ ಸಂಸ್ಥೆಯ ನಾಗಿ ರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ‘ಚಂದಮಾಮ’ ಎರಡು ವರ್ಷದ ಮೇಲೆ ಕನ್ನಡಕ್ಕೆ ಬಂತು. ಹೆಗಲ ಮೇಲೆ ಶವ ಹೊತ್ತು ನಡೆಯುವ ವಿಕ್ರಮನ ಚಿತ್ರ ಬರೆದ ಶಂಕರ್ 2020ರವರೆಗೂ ಈ ಊರಿನಲ್ಲೇ ಬಾಳಿದರು. ಚಂದಮಾಮದಲ್ಲಿ ಚಿತ್ರ ಬರೆದ ನಮ್ಮ ಎಂ.ಟಿ.ವಿ. ಆಚಾರ್ಯರು ಆಮೇಲೆ ಬೆಂಗಳೂರಿನಲ್ಲಿ ಚಿತ್ರಕಲೆ ಕಲಿಸಿದರು. ಪತ್ರಿಕೆ ನಿಂತು ವರ್ಷಗಳಾದವು. ಹಳೆಯ ಸಂಚಿಕೆ ಮನೆಯಲ್ಲಿದ್ದರೆ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ. ಬೇತಾಳನ ಕಥೆಗೆ ಆರ್ಕಾಟ್ ರಸ್ತೆಯ ಸಂಜೆಗಿಂತ ಒಳ್ಳೆಯ ಜಾಗ ಬೇರೆಲ್ಲಿದೆ?

ಊಟದ ಚಿಂತೆ ಇಲ್ಲ. ಇಡ್ಲಿ ತಿನ್ನದ ಮಗು ಅಪರೂಪ, ಕೆಟ್ಟ ಇಡ್ಲಿ ಕೊಡುವ ಚೆನ್ನೈ ಹೋಟೆಲ್ ಅದಕ್ಕಿಂತ ಅಪರೂಪ. ಉಡುಪಿ ಸೀಮೆಯ ಕೆ. ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೆಸರು ಇಲ್ಲಿ ಇನ್ನೂ ಓಡುತ್ತಿದೆ. ಅವರ ಹೆಸರಾಂತ ಡ್ರೈವ್–ಇನ್ 2008ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. ಮಕ್ಕಳು ಓಡಿಯಾಡಲು ಸೊಗಸಾದ ಜಾಗ.

ಎರಡು ಎಚ್ಚರಿಕೆ ಹೇಳಲೇಬೇಕು. ಮಾಂಬಲಂ ಸ್ಟೇಷನ್ ಪಕ್ಕದ ರಂಗನಾಥನ್ ಬೀದಿಗೆ ವಾರಾಂತ್ಯದ ಸಂಜೆ ಪುಟ್ಟ ಮಕ್ಕಳೊಂದಿಗೆ ಇಳಿಯಬೇಡಿ. ಸೀರೆ ಬೇಕಿದ್ದವರು ಮಕ್ಕಳನ್ನು ಅಪ್ಪನ ಬಳಿ ಬಿಟ್ಟು ಹೋಗಲಿ. ಮರೀನಾದಲ್ಲಿ ಮರಳಾಟ ಸಾಕು, ಅಲೆಗಿಳಿಯುವುದು ಬೇಡ; ಅಲ್ಲಿನ ಸೆಳೆತ ಈಜು ಬಲ್ಲವರನ್ನೂ ಎಳೆದೊಯ್ದಿದೆ.

ಏಪ್ರಿಲ್–ಮೇ ಬಿಸಿಲಿಗೆ ಹೋಗಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ. ಜನವರಿ, ಫೆಬ್ರವರಿ ಹಿತ. ಮರಳುವಾಗ ಬೆಳಗಿನ ಡಬಲ್ ಡೆಕರ್‌ನ ಮಹಡಿ ಸೀಟು ಸಿಕ್ಕರೆ ಮಕ್ಕಳು ಹೊರಡಲು ಹಟ ಮಾಡುವುದಿಲ್ಲ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ, ಆದರೆ ಸೀಟೂ ಇಲ್ಲ. ಐದು ತುಂಬಿದ್ದರೆ ಚೇರ್ ಕಾರಿನಲ್ಲಿ ಪೂರ್ತಿ ದರ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಗಣರಾಜ್ಯೋತ್ಸವದ ರಜೆಗೆ ಹೊರಡುವವರು ನವೆಂಬರ್ ಕೊನೆಯಲ್ಲೇ ಟಿಕೆಟ್ ತೆಗೆದಿಡಿ. ಮಕ್ಕಳು ಇಬ್ಬರಿದ್ದರೆ ಕಿಟಕಿ ಸೀಟೂ ಎರಡೇ ಬೇಕು, ಮರೆಯಬೇಡಿ.