ನಿಂತ ಪಟ್ಟಿ, ಅಡಗಿದ ಪ್ರಶ್ನೆ

ನಾಸಿಕದ ನಮ್ಮ ವಾಚನಾಲಯದ ಕಂಪ್ಯೂಟರಿಗೆ ಕನ್ನಡ ಟೈಪಿಂಗ್ ತಂತ್ರಾಂಶವೊಂದನ್ನು ಹಾಕಲು ಕಳೆದ ತಿಂಗಳು ಕುಳಿತೆವು. ಛತ್ರಪತಿ ಸಂಭಾಜಿನಗರದಿಂದ ಬಂದ ಸದಸ್ಯರೊಬ್ಬರು ಊರಿನ ತಹಶೀಲ್ದಾರರಿಗೆ ಜಮೀನಿನ ಅರ್ಜಿ ಬರೆಸಿಕೊಂಡು ಸಂಜೆಯ ರೈಲು ಹಿಡಿಯಬೇಕಿತ್ತು. ಹಸಿರು ಪಟ್ಟಿ ಅರ್ಧ ತುಂಬಿ ನಿಂತಿತು. ಕಾಯುತ್ತ ಪರದೆಯ ಮೇಲೆ ಇನ್ನೊಂದು ಕಿಟಕಿ ತೆರೆದು ಪತ್ರಿಕೆ ಓದಿದೆವು. ಮುಕ್ಕಾಲು ಗಂಟೆಯಾದ ಮೇಲೆ ಬೇಸತ್ತು ಯಂತ್ರವನ್ನೇ ಆರಿಸಿದೆವು.

ಯಂತ್ರ ಕೆಟ್ಟಿರಲಿಲ್ಲವೆಂದು ಮರುದಿನ ತಿಳಿಯಿತು. ‘ಅನುಮತಿ ಕೊಡುವಿರಾ?’ ಎಂದು ಕೇಳುವ ಚಿಕ್ಕ ಚೌಕವೊಂದು, ಸಾಹೇಬರ ಸಹಿಯಾಗಬೇಕಾದ ಕಾಗದ ಫೈಲುಗಳಡಿ ಸಿಕ್ಕಿಕೊಂಡಂತೆ, ಹಿಂದೆ ಉಳಿದಿತ್ತು. ಹೀಗೆ ಅನುಮತಿ ಕೇಳುವ ಪದ್ಧತಿ 2007ರ ವಿಂಡೋಸ್ ವಿಸ್ಟಾದಿಂದ ಬಂತು. ನಾವು ಬೇರೆ ಕೆಲಸದಲ್ಲಿದ್ದರೆ ಆ ಚೌಕ ಮುಂದೆ ನುಗ್ಗದಂತೆ ವಿಂಡೋಸೇ ತಡೆಯುತ್ತದೆ; ಬೇರೆಡೆಗೆಂದು ಒತ್ತಿದ ಕೀಲಿ ಅದಕ್ಕೆ ಉತ್ತರವಾಗಬಾರದಲ್ಲ! ತಡೆದದ್ದು ಸರಿಯೇ. ಆದರೆ ತಳದ ಪಟ್ಟಿಯಲ್ಲಿ ಗುರುತೊಂದು ಮಿನುಗುವುದಷ್ಟೇ ಸೂಚನೆ. ಹೊಸಬರಿಗೆ ಅದು ಕಂಡೀತೇ?

ಆದುದರಿಂದ ಪಟ್ಟಿ ನಿಂತರೆ ಯಂತ್ರ ಆರಿಸಬೇಡಿ. ಅರ್ಧ ಹಾಕಿದ ತಂತ್ರಾಂಶ ಮುಂದೆ ತಕರಾರು ಮಾಡೀತು. ಮೊದಲು ತಳದಲ್ಲಿ ಮಿನುಗುವ ಗುರುತನ್ನು ಒತ್ತಿರಿ. ಅದು ಕಾಣದಿದ್ದರೆ ಆಲ್ಟ್ ಕೀಲಿ ಹಿಡಿದು ಟ್ಯಾಬ್ ಒತ್ತಿ, ತೆರೆದ ಕಿಟಕಿಗಳನ್ನು ಒಂದೊಂದಾಗಿ ನೋಡಿರಿ. ಚೌಕದಲ್ಲಿರುವ ಹೆಸರನ್ನು ಓದಿ, ನೀವು ಹಾಕುತ್ತಿರುವ ತಂತ್ರಾಂಶದ್ದೇ ಆದರೆ ಮಾತ್ರ ಒಪ್ಪಿಗೆ ಕೊಡಿ.

ಆ ಸದಸ್ಯರು ಅಂದು ಅರ್ಜಿಯನ್ನು ಕೈಯಲ್ಲೇ ಬರೆದುಕೊಂಡು ರೈಲಿಗೆ ಓಡಿದರು.